ಉಸಿರನ್ನೇ ಅಳಿಸಿಬಿಟ್ಟಿದ್ದೀರಿ

ನಮಸ್ಕಾರ.

ನಿಮ್ಮ ‘ಪದಗಳಾಚೆಯ ಶೋಕ’ ಲೇಖನ ಈಗಿನ ರೂಪದಲ್ಲಿ ಪ್ರಕಟಣೆಗೆ ಯೋಗ್ಯವಾಗಿಲ್ಲ. ‘ಸ್ಥಳಾವಕಾಶದ ಕೊರತೆಯಿಂದ’ ಎಂಬ ಸಿದ್ಧ ಉತ್ತರ ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಕೊನೆಯ ಪುಟಗಳಲ್ಲಿರುವ ನಾಲ್ಕೈದು ಸಾಲುಗಳು ಅದಕ್ಕೆ ಬಿಡಲಿಲ್ಲ. ಅಲ್ಲಿಗೆ ಆಮೇಲೆ ಬರುತ್ತೇನೆ. ಮೊದಲು ತಕರಾರುಗಳು.

ನಿಮ್ಮ ವಾದ ಇಷ್ಟು: ಆಪ್ತರನ್ನು ಕಳೆದುಕೊಂಡವರಿಗೆ ಮಾತು ಸಾಲದು, ಆದ್ದರಿಂದ ಪ್ರಾಯೋಗಿಕ ಎಲೆಕ್ಟ್ರಾನಿಕ್ ಸಂಗೀತಗಾರರು ಪದವಿಲ್ಲದ ದನಿಯ ಮೊರೆ ಹೋಗುತ್ತಾರೆ, ಪದದ ಹಂಗಿಲ್ಲದ್ದರಿಂದ ಅದು ಎಲ್ಲರ ಎದೆಗೂ ನೇರವಾಗಿ ತಲುಪುತ್ತದೆ. ಮೊದಲರ್ಧವನ್ನು ಯಾರೂ ಅಲ್ಲಗಳೆಯುವುದಿಲ್ಲ. ಯಾರೂ ಅಲ್ಲಗಳೆಯದ ಮಾತಿಗೆ ಎರಡು ಪುಟ ಏಕೆ? ಎರಡನೆಯರ್ಧವನ್ನು ನಾನು ಒಪ್ಪುವುದಿಲ್ಲ. ಇಟಲಿಯ ಸಂಯೋಜಕ ಲೂಚಾನೊ ಬೆರಿಯೊ 1961ರಲ್ಲಿ ರಚಿಸಿದ ‘ವಿಸಾಜ್’ ಕೇಳಿದ್ದೀರಾ? ಗಾಯಕಿ ಕ್ಯಾಥಿ ಬರ್ಬೇರಿಯನ್ ಅವರ ಕೊರಳು, ಅದರ ಸುತ್ತ ಎಲೆಕ್ಟ್ರಾನಿಕ್ ಸದ್ದುಗಳು. ಇಡೀ ಕೃತಿಯಲ್ಲಿ ಸ್ಪಷ್ಟವಾಗಿ ಗುರುತಿಸಬಹುದಾದ ಪದ ಒಂದೇ. ಉಳಿದದ್ದೆಲ್ಲ ನಗು, ಅಳು, ನರಳಾಟ, ಭಾಷೆಯಂತೆ ಕೇಳಿಸಿಯೂ ಯಾವ ಭಾಷೆಯೂ ಆಗದ ಗೊಣಗಾಟ. ನಗು ಯಾವಾಗ ಅಳುವಾಯಿತು ಎಂದು ಹೇಳುವುದು ಕಷ್ಟ. ಕೆಲವೆಡೆ ಅದು ನೋವೋ ಸುಖವೋ ಎಂಬುದೂ ಗೊತ್ತಾಗುವುದಿಲ್ಲ. ಪದ ಹೋದ ಮಾತ್ರಕ್ಕೆ ಅರ್ಥ ತಿಳಿಯಾಗುವುದಿಲ್ಲ, ಇನ್ನಷ್ಟು ಕದಡುತ್ತದೆ. ಉದ್ದಕ್ಕೆ ಎಳೆದ ಒಂದು ‘ಆ’ ಭಯದ್ದೂ ಆಗಬಹುದು, ಮೋಹದ್ದೂ ಆಗಬಹುದು, ಮಗುವನ್ನು ಮಲಗಿಸುವುದಕ್ಕೂ ಆಗಬಹುದು. ಅದನ್ನು ಶೋಕವಾಗಿಸುವುದು ಯಾವುದು ಎಂಬುದೇ ನೀವು ಬರೆಯಬೇಕಾಗಿದ್ದ ಲೇಖನ.

ಇದಕ್ಕೆ ಉತ್ತರ ಹುಡುಕಿದವರು ಇದ್ದಾರೆ. ಮಾನವಶಾಸ್ತ್ರಜ್ಞ ಗ್ರೆಗ್ ಅರ್ಬನ್ ಬ್ರೆಜಿಲ್‌ನ ಮೂಲನಿವಾಸಿಗಳ ಸಾಂಪ್ರದಾಯಿಕ ರೋದನವನ್ನು ಕುರಿತು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ದನಿ ‘ಅಳು’ ಎಂದು ಗುರುತಾಗುವುದಕ್ಕೆ ನಾಲ್ಕು ಚಹರೆಗಳನ್ನು ಹೇಳುತ್ತಾರೆ: ನಡುವೆ ಬಿಕ್ಕಿ ಮುರಿಯುವ ದನಿ, ಸದ್ದು ಮಾಡುತ್ತ ಒಳಗೆಳೆದುಕೊಳ್ಳುವ ಉಸಿರು, ಗಂಟಲ ತಳದಲ್ಲಿ ಗರಗರ ಎನ್ನುವ ದನಿ, ಕಳ್ಳದನಿಯಲ್ಲಿ ಮೇಲಕ್ಕೇರುವ ಸ್ವರ. ನಾಲ್ಕೂ ಗಂಟಲಿನವು, ಯಾವುದಕ್ಕೂ ಪದ ಬೇಕಿಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನಿಮ್ಮ ಪುಟಗಳನ್ನು ತಿರುವಿ ಹಾಕಿದೆ. ‘ಆತ್ಮವನ್ನು ಕಲಕುವ’, ‘ಅಲೌಕಿಕ’, ‘ಕಣ್ಣಂಚನ್ನು ಒದ್ದೆಯಾಗಿಸುವ’ ಎಂಬ ವಿಶೇಷಣಗಳು ಸಾಲುಗಟ್ಟಿ ನಿಂತಿವೆ. ದನಿ ಎಲ್ಲಿ ಮುರಿಯಿತು, ಎಲ್ಲಿ ಉಸಿರೆಳೆಯಿತು ಎಂಬುದು ಒಂದು ಕಡೆಯೂ ಇಲ್ಲ. ನಿಮ್ಮ ಕಣ್ಣು ಒದ್ದೆಯಾಯಿತು ಎಂದು ನಂಬುತ್ತೇನೆ. ಆದರೆ ಅದು ಓದುಗರಿಗೆ ನಿಮ್ಮ ಬಗ್ಗೆ ತಿಳಿಸುತ್ತದೆಯೇ ಹೊರತು ಸಂಗೀತದ ಬಗ್ಗೆ ಏನನ್ನೂ ತಿಳಿಸುವುದಿಲ್ಲ.

ಅಮೆರಿಕದ ಗಾಯಕಿ ಜೂಲಿಯಾನ ಬಾರ್ವಿಕ್ ಅವರ ‘ನೆಪೆಂಥಿ’ (2013) ಆಲ್ಬಂ ಕುರಿತ ಭಾಗವನ್ನೇ ನೋಡೋಣ. ಅದು ಸಿದ್ಧವಾಗುತ್ತಿದ್ದ ಹೊತ್ತಿನಲ್ಲಿ ಅವರ ಕುಟುಂಬದಲ್ಲಿ ಸಾವು ಸಂಭವಿಸಿತ್ತು ಎನ್ನುತ್ತೀರಿ, ‘ಆದ್ದರಿಂದ ಇಲ್ಲಿನ ದನಿ ಬಿಕ್ಕಿ ಬಿಕ್ಕಿ ಅಳುತ್ತದೆ’ ಎಂದು ತೀರ್ಮಾನಿಸುತ್ತೀರಿ. ಜೀವನಚರಿತ್ರೆಯ ಒಂದು ಸಾಲನ್ನು ಕಿವಿಗೆ ಬದಲಾಗಿ ಬಳಸುವುದು ಸಂಗೀತದ ಬಗ್ಗೆ ಬರೆಯುವವರಲ್ಲಿ ಬಹಳ ಹಳೆಯ ಚಾಳಿ. ಹೆಡ್‌ಫೋನ್ ಹಾಕಿಕೊಂಡು ಮತ್ತೆ ಕೇಳಿ. ಅಲ್ಲಿ ಬಿಕ್ಕುವಿಕೆ ಇಲ್ಲ. ಬಾರ್ವಿಕ್ ತಮ್ಮದೇ ದನಿಯ ಎಳೆಗಳನ್ನು ಲೂಪ್ ಮಾಡಿ, ಅಂದರೆ ಮತ್ತೆ ಮತ್ತೆ ಮರುಕಳಿಸುವಂತೆ ಮಾಡಿ, ಒಂದರ ಮೇಲೊಂದು ಹಾಸುತ್ತ ಹೋಗುತ್ತಾರೆ. ರಿವರ್ಬ್, ಅಂದರೆ ಯಂತ್ರ ಹುಟ್ಟಿಸುವ ಮಾರ್ದನಿ, ಪ್ರತಿ ಎಳೆಯ ಅಂಚನ್ನು ಸವೆಸುತ್ತದೆ. ದನಿ ಎಲ್ಲಿ ಶುರುವಾಯಿತು, ಉಸಿರು ಎಲ್ಲಿ ತೀರಿತು ಎಂಬ ಗುರುತುಗಳೇ ಕರಗುತ್ತವೆ. ಅರ್ಬನ್ ಪಟ್ಟಿ ಮಾಡಿದ ಚಹರೆಗಳನ್ನು ಯಂತ್ರ ಬಹುಮಟ್ಟಿಗೆ ಒರೆಸಿಹಾಕಿದೆ, ಆದರೂ ಕೇಳುವವರಿಗೆ ಅಲ್ಲಿ ನಷ್ಟದ ಭಾವ ಸಿಗುತ್ತದೆ. ಹೇಗೆ? ನನ್ನ ಊಹೆ ಹೇಳುತ್ತೇನೆ: ಒಂಟಿ ಕೊರಳು ಬಹುಮಟ್ಟಿಗೆ ತನ್ನಿಂದಲೇ ಒಂದು ಮೇಳವನ್ನು ಕಟ್ಟಿಕೊಳ್ಳುತ್ತಿದೆ, ಜೊತೆಗೆ ಅಳಲು ಯಾರೂ ಇಲ್ಲದವರು ತಮಗೆ ತಾವೇ ಜೊತೆಯಾಗುವ ಹಾಗೆ. ನೀವು ಒಪ್ಪಬೇಕಿಲ್ಲ. ಇದಕ್ಕಿಂತ ಒಳ್ಳೆಯ ವಿವರಣೆ ನಿಮ್ಮಲ್ಲಿದ್ದರೆ ಇನ್ನೂ ಸಂತೋಷ. ಆದರೆ ವಿವರಣೆ ಬೇಕು.

ಗಾಯಕಿ ಡಯಮಾಂಡಾ ಗಲಾಸ್ ಅವರ ‘ಪ್ಲೇಗ್ ಮಾಸ್’ ನಿಮ್ಮ ಪಟ್ಟಿಯಲ್ಲಿ ಏಕಿದೆ ಎಂದು ತಿಳಿಯಲಿಲ್ಲ. 1986ರಲ್ಲಿ ಏಡ್ಸ್‌ನಿಂದ ತೀರಿಕೊಂಡ ತಮ್ಮ ಸಹೋದರನ ನೆನಪು ಅದರ ಹಿಂದಿದೆ, ಅದರ ಚೀತ್ಕಾರಕ್ಕೆ ಸಾಟಿಯಿಲ್ಲ, ನಿಜ. ಆದರೆ ಅದರ ತುಂಬ ಪದಗಳಿವೆ, ಧರ್ಮಗ್ರಂಥದ ಸಾಲುಗಳಿವೆ.

ಇನ್ನು ತಪ್ಪುಗಳು. ಅಮೆರಿಕದ ಸಂಯೋಜಕ ವಿಲಿಯಂ ಬಸಿನ್‌ಸ್ಕಿ ‘ಡಿಸಿಂಟಿಗ್ರೇಷನ್ ಲೂಪ್ಸ್’ ಅನ್ನು 2001ರ ಸೆಪ್ಟೆಂಬರ್ 11ರ ನ್ಯೂಯಾರ್ಕ್ ದಾಳಿಯ ದುಃಖದಲ್ಲಿ ರಚಿಸಿದರು ಎಂದು ಬರೆದಿದ್ದೀರಿ. ಕ್ರಮ ತಿರುಗುಮುರುಗಾಗಿದೆ. 1980ರ ದಶಕದ ತಮ್ಮ ಟೇಪ್ ಲೂಪ್‌ಗಳನ್ನು ಅವರು ಡಿಜಿಟಲ್‌ಗೆ ಇಳಿಸುತ್ತಿದ್ದಾಗ ಟೇಪಿನ ಕಾಂತೀಯ ಲೇಪನ ಉದುರತೊಡಗಿತು. ಸಂಗೀತ ಅಲ್ಲಿಂದ ಬಂತು. ದಾಳಿ ಆಮೇಲೆ ನಡೆಯಿತು. ಆ ಸಂಜೆ ಬ್ರೂಕ್ಲಿನ್‌ನ ಮಹಡಿಯಿಂದ ಹೊಗೆಯನ್ನು ಚಿತ್ರೀಕರಿಸಿ ಅವರು ಎರಡನ್ನೂ ಜೋಡಿಸಿದರು. ಫ್ರೆಂಚ್ ಸಂಯೋಜಕಿ ಎಲಿಯಾನ್ ರಾಡಿಗ್ ಅವರ ‘ಟ್ರಿಲೊಜಿ ದ ಲಾ ಮೋರ್’ ಅನ್ನು ‘ಗಾಯನ ಕೃತಿ’ ಎಂದಿದ್ದೀರಿ. ಅದು ಎಆರ್‌ಪಿ 2500 ಎಂಬ, ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಸಿಂಥಸೈಜರ್‌ನಲ್ಲಿ ರೂಪುಗೊಂಡ, ಮೂರು ಭಾಗಗಳ ಕೃತಿ. ಮೊದಲ ಭಾಗ 1988ರದು. ಮರುವರ್ಷ ಅವರ ಮಗ ಅಪಘಾತದಲ್ಲಿ ತೀರಿಕೊಂಡರು, ಮುಂದಿನ ಭಾಗಗಳು ಆ ಸಾವಿನ ನೆರಳಿನಲ್ಲಿ ಬಂದವು. ಇದು ಬರೀ ಮಾಹಿತಿದೋಷವಾಗಿದ್ದರೆ ಅಂಚಿನಲ್ಲಿ ತಿದ್ದಿ ಸುಮ್ಮನಾಗುತ್ತಿದ್ದೆ. ಕೊರಳೇ ಇಲ್ಲದೆ ಶೋಕ ಸಾಧ್ಯವಾದರೆ ಬೇರೆಯವರಿಗೆ ಕೊರಳು ಏಕೆ ಬೇಕಾಯಿತು ಎಂಬ ಪ್ರಶ್ನೆ ನಿಮ್ಮ ವಾದದ ಬುಡದಲ್ಲಿಯೇ ಇತ್ತು. ಅದನ್ನು ಕೇಳದೆ ದಾಟಿಹೋಗಿದ್ದೀರಿ.

ಈಗ ಆ ನಾಲ್ಕೈದು ಸಾಲುಗಳು. ನಿಮ್ಮ ದಿವಂಗತ ತಾಯಿ ಗುನುಗಿದ್ದನ್ನು ಯಾವಾಗಲೋ ಮೊಬೈಲಿನಲ್ಲಿ ಮುದ್ರಿಸಿಕೊಂಡಿದ್ದಿರಿ. ಅದರಿಂದ ಒಂದು ರಚನೆ ಮಾಡಲು ಹೊರಟು, ಹಿನ್ನೆಲೆಯ ಫ್ರಿಡ್ಜ್ ಸದ್ದನ್ನು ಸಾಫ್ಟ್‌ವೇರ್‌ನಿಂದ ತೆಗೆದಿರಿ. ಸದ್ದಿನೊಂದಿಗೆ ಸಾಲುಗಳ ನಡುವಿನ ಉಸಿರೂ ಹೋಯಿತು. ‘ಹಾಡು ಶುಚಿಯಾಗಿತ್ತು, ಅಮ್ಮ ಇರಲಿಲ್ಲ’ ಎಂದು ಬರೆದು, ಮುಂದಿನ ವಾಕ್ಯದಲ್ಲಿಯೇ ‘ಅಸ್ತಿತ್ವದ ಶೂನ್ಯತೆಯ ನಾದಮಯ ಅನಾವರಣ’ಕ್ಕೆ ಓಡಿಹೋಗಿದ್ದೀರಿ.

ಏಕೆ ಓಡಿದಿರಿ? ಲೇಖನ ಇದ್ದದ್ದು ಅಲ್ಲಿ. ಗದ್ದಲ ತೆಗೆಯುವ ಸಾಫ್ಟ್‌ವೇರ್‌ಗೆ ಹಾಡುವ ಸ್ವರ ಸುಲಭವಾಗಿ ಗುರುತಾಗುತ್ತದೆ, ಅದಕ್ಕೆ ನಿಶ್ಚಿತ ಶ್ರುತಿ ಇದೆ, ಅದರ ಮೇಲೆ ಕ್ರಮವಾಗಿ ಏರುವ ಅನುಸ್ವರಗಳಿವೆ. ಉಸಿರಿಗೆ ಶ್ರುತಿ ಇಲ್ಲ. ಎಲ್ಲ ಕಂಪನಾಂಕಗಳಲ್ಲಿಯೂ ಚದುರಿಕೊಂಡ ಮೆಲುವಾದ ಸುಯ್‌ ಸದ್ದು ಅದು. ಯಂತ್ರದ ಲೆಕ್ಕದಲ್ಲಿ ಅದೂ ಗದ್ದಲವೇ. ಅರ್ಬನ್ ಅಳುವಿನ ಚಹರೆಗಳಲ್ಲಿ ಒಂದೆಂದು ಗುರುತಿಸಿದ ಒಳಉಸಿರಿನ ಸುಯ್ಲೂ ಇಂಥ ಉಪಕರಣದ ಕಣ್ಣಿಗೆ ಕಸ. ಗ್ರಾನ್ಯುಲರ್ ಸಿಂಥೆಸಿಸ್ ಬಳಸಿ ದನಿಯನ್ನು ಹಿಗ್ಗಿಸಿದೆ ಎಂದೂ ಹೇಳುತ್ತೀರಿ. ದನಿಯನ್ನು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತಲೂ ಸಣ್ಣ ಚೂರುಗಳಾಗಿ ಕತ್ತರಿಸಿ ಮರುಜೋಡಿಸುವ ವಿಧಾನ ಅದು. ಹಿಗ್ಗಿಸಿದ ಸ್ವರ ಸ್ವರವಾಗಿಯೇ ಉಳಿಯುತ್ತದೆ. ಹಿಗ್ಗಿಸಿದ ಉಸಿರು ಗಾಳಿಯಾಗಿಬಿಡುತ್ತದೆ. ನೀವು ಯಾವುದನ್ನು ಹಿಗ್ಗಿಸಿದಿರಿ? ಮೂಲ ಮುದ್ರಣಕ್ಕೆ ಹಿಂದಿರುಗಿದಿರಾ? ಫ್ರಿಡ್ಜ್ ಸದ್ದನ್ನು ಸಹಿಸಿಕೊಂಡು ಉಸಿರನ್ನು ಉಳಿಸಿಕೊಂಡಿರಾ, ಇಲ್ಲವೇ ಶುಚಿಯಾದದ್ದನ್ನೇ ಇಟ್ಟುಕೊಂಡಿರಾ? ಓದುಗರು ಕೇಳುವುದು ಇದನ್ನೇ. ನೀವು ಹೇಳಿಲ್ಲ. ತಾಯಿಯ ದನಿಯ ಬಗ್ಗೆ ಹೀಗೆ ಸಂಪಾದಕನ ಗತ್ತಿನಲ್ಲಿ ಪ್ರಶ್ನೆ ಹಾಕುವುದು ನನಗೂ ಮುಜುಗರವೇ. ಬರೆಯಲು ಮನಸ್ಸಿಲ್ಲದಿದ್ದರೆ ಆ ಭಾಗವನ್ನು ಪೂರ್ತಿ ತೆಗೆಯಿರಿ, ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ಬಾಗಿಲು ತೆರೆದು ತೋರಿಸಿ ತಕ್ಷಣ ಮುಚ್ಚಬೇಡಿ.

ಮತ್ತೆ ಬರೆಯುವುದಾದರೆ ಅಲ್ಲಿಂದಲೇ ಶುರುಮಾಡಿ. ಬರ್ಬೇರಿಯನ್ ಬರಲಿ, ಬಾರ್ವಿಕ್ ಉಳಿಯಲಿ, ರಾಡಿಗ್ ಪ್ರಶ್ನೆಯಾಗಿ ಬರಲಿ; ಮಿಕ್ಕ ಹೆಸರುಗಳನ್ನು ಕೈಬಿಡಿ. ತತ್ತ್ವಜ್ಞಾನಿಗಳ ಉದ್ಧರಣೆಗಳು ಒಂದೂ ಬೇಡ. ಸಾವಿರದೈನೂರು ಪದ ಸಾಕು. ಶುಚಿಗೊಳಿಸುವ ಮುಂಚಿನ ಮತ್ತು ಅನಂತರದ ಧ್ವನಿಮುದ್ರಣಗಳೆರಡನ್ನೂ, ನಿಮಗೆ ಅಭ್ಯಂತರವಿಲ್ಲದಿದ್ದರೆ, ಜೊತೆಗೆ ಕಳುಹಿಸಿ. ಪ್ರಕಟಿಸುವುದಕ್ಕಲ್ಲ, ನೀವು ಬರೆದದ್ದನ್ನು ಕಿವಿಯಲ್ಲಿ ತಾಳೆ ನೋಡುವುದಕ್ಕೆ. ಅಂಚಿನಲ್ಲಿ ಗುರುತು ಹಾಕಿದ ಹಸ್ತಪ್ರತಿಯನ್ನು ಇದರೊಂದಿಗೆ ಹಿಂದಿರುಗಿಸಿದ್ದೇನೆ. ಮೂರನೆಯ ಪುಟದಲ್ಲಿ ಕೆಂಪು ಶಾಯಿ ತುಸು ಹೆಚ್ಚಾಗಿದೆ, ಬೇಸರಿಸಬೇಡಿ.

ವಿಶ್ವಾಸದಿಂದ,
ಸಂಪಾದಕ