ಲಸಾನ್ಯಾಕ್ಕೆ ಇಟಲಿ ಹಿಟ್ಟು ತರಿಸಬೇಡ್ರಿ, ಪೇಟೆಗೆ ಹೋಗಿ ಬನ್ಸಿ ರವಾ ತರ್ರಿ

ತತ್ತಿ ನಡೆಯದ ಮನೆ, ಊಟಕ್ಕೆ ಹನ್ನೆರಡು ಮಂದಿ ಬೀಗರು, ಮೊದಲನೇ ಸಲ ಲಸಾನ್ಯಾ (ಪಾಸ್ತಾ ಹಾಳೆ, ಸಾಸ್, ಚೀಸ್ ಪದರಪದರವಾಗಿ ಜೋಡಿಸಿ ಓವನ್‌ನಲ್ಲಿ ಬೇಯಿಸೋ ಇಟಲಿ ತಿನಿಸು), ಅದೂ ಹಾಳೆಯಿಂದ ಹಿಡಿದು ಎಲ್ಲಾ ಮನೆಯಲ್ಲೇ. ಇಟಲಿಯ 00 ಹಿಟ್ಟು, ಪಾರ್ಮಸಾನ್ ಚೀಸ್, ಪಾಸ್ತಾ ಮಷಿನ್ ಮೂರನ್ನೂ ಆನ್‌ಲೈನ್‌ನಲ್ಲಿ ತರಿಸಲಾ ಅಂತ ಕೇಳಿದ್ದೀರಿ. ಮೂರೂ ಬೇಡ. ಯಾಕೆ ಬೇಡ ಅಂತ ಗೊತ್ತಾಗಬೇಕಾದರೆ ನಾನು ನಾದಿನಿಯ ಬೀಗರ ಊಟ ಕೆಡಿಸಿದ ಕಥೆ ಕೇಳಬೇಕು.

ಆಗ ನಾವು ಹುಬ್ಬಳ್ಳಿ ವಿದ್ಯಾನಗರದಲ್ಲಿದ್ದೆವು. ನಾದಿನಿಗೆ ಗೊತ್ತಾದ ಹುಡುಗ ಮಿಲಾನಿನಲ್ಲಿ ಓದಿ ಬಂದವನು. ಮಾತಿಗೆ ಮಾತು ಬಂದು, ಅಲ್ಲಿಯ ಲಸಾನ್ಯಾ ನೆನಪಾಗುತ್ತೆ ಅಂದ. ನನಗೆ ಹುರುಪು ಏರಿತು. 00 ಹಿಟ್ಟು ತರಿಸಿದೆ. ನೀರು ಹಾಕಿ ನಾದಿದರೆ ಮೆತ್ತಗೆ, ಲಟ್ಟಿಸಿದರೆ ಹರಿಯುತ್ತೆ. ನಮ್ಮ ಅತ್ತಿ ಒಂದು ಚೂರು ಕಣಕ ಬೆರಳಲ್ಲಿ ಎಳೆದು ನೋಡಿ, "ಇದು ಮೈದಾನೇ ಐತಲ್ಲವಾ, ಇದರಾಗ ಶ್ಯಾವಿಗಿ ಎಳಿ ಬರೂದಿಲ್ಲ" ಅಂದರು.

ಅವರು ಹೇಳಿದ್ದು ಅಕ್ಷರಶಃ ನಿಜ. 00 ಅಂದರೆ ಮೆದು ಗೋಧಿಯನ್ನು ನುಣ್ಣಗೆ ಬೀಸಿದ್ದು. ಇಟಲಿಯ ಉತ್ತರದ ಬೊಲೊನ್ಯಾ ಕಡೆಯವರು ಅದಕ್ಕೆ 100 ಗ್ರಾಂಗೆ ಒಂದು ತತ್ತಿ ಹಾಕ್ತಾರೆ, ಹಾಳೆಗೆ ಕಸುವು ಬರೋದು ಆ ತತ್ತಿಯಿಂದ. ತತ್ತಿ ತೆಗೆದರೆ ಉಳಿಯೋದು ದುಬಾರಿ ಮೈದಾ ಅಷ್ಟೇ. ಆದರೆ ಇಟಲಿಯ ದಕ್ಷಿಣದಲ್ಲಿ, ಪುಲಿಯಾ, ಸಿಸಿಲಿ ಕಡೆ, ತಲೆತಲಾಂತರದಿಂದ ಡ್ಯೂರಮ್ ಅನ್ನೋ ಗಟ್ಟಿ ಗೋಧಿಯ ರವೆಗೆ ಬರೀ ನೀರು ಹಾಕಿ ಪಾಸ್ತಾ ಮಾಡಿಕೊಂಡು ಬಂದಿದ್ದಾರೆ. ನಮ್ಮ ಬನ್ಸಿ ರವಾ ಡ್ಯೂರಮ್ ಗೋಧಿಯದೇ. ಬ್ಯಾಸಗಿಯಲ್ಲಿ ಮಾಳಿಗೆ ಮೇಲೆ ಶ್ಯಾವಿಗೆ ಹಾಕೋ ಮನೆಗೆ ಪಾಸ್ತಾ ಕಲಿಸೋಕೆ ಯಾವ ವಿಡಿಯೋನೂ ಬೇಡ. ಅತ್ತಿ ಡಬ್ಬಿಯಿಂದ ರವಾ ತೆಗೆದು ಕಲಸಿಕೊಟ್ಟರು, ಹಾಳೆ ಸಲೀಸಾಗಿ ಬಂತು.

ಇಲ್ಲಿಗೆ ಮುಗಿದಿದ್ದರೆ ಚೊಲೋ ಇತ್ತು. ಹಾಳೆ ಟ್ರೇಗೆ ಜೋಡಿಸೋವಾಗ ಅತ್ತಿ ಕೇಳಿದರು: "ಕುದಿಸೂದಿಲ್ಲೇನ ಇವನ್ನ?" ನಾನು ಭಾಳ ತಿಳಿದವಳಂಗೆ, "ಇಲ್ರೀ ಅತ್ತಿ, ಹಸೀದ ಹಾಕೂದು, ಒಳಗ ತಾನ ಬೇಯ್ತೈತಿ" ಅಂದೆ. ನಾನು ನೋಡಿದ ವಿಡಿಯೋದಲ್ಲಿ ಹಾಗೇ ಮಾಡಿದ್ದರು. ಆದರೆ ಅವರು ಬಳಸಿದ್ದು ಪೊಟ್ಟಣದ ಹಾಳೆ. ಕುದಿಸೋದು ಬೇಡ ಅಂತ ಬರೆದಿರೋ ಹಾಳೆಗಳನ್ನ ಕೆಲವು ಕಾರ್ಖಾನೆಯವರು ಮೊದಲೇ ಬೇಯಿಸಿ ಒಣಗಿಸಿರ್ತಾರೆ, ಇನ್ನು ಕೆಲವರು ಭಾಳ ತೆಳ್ಳಗೆ ಮಾಡಿರ್ತಾರೆ. ನನ್ನವು ಕೈಯಲ್ಲಿ ಲಟ್ಟಿಸಿದವು, ನಡುವೆ ಎರಡು ಮಿಲಿಮೀಟರ್ ದಪ್ಪ, ಅಂಚಿಗೆ ಇನ್ನೂ ಹೆಚ್ಚು.

ಪಿಷ್ಟ ಬೇಯೋಕೆ ಬಿಸಿ ಒಂದೇ ಸಾಲದು, ನೀರೂ ಬೇಕು. ಹಸಿ ಹಾಳೆ ಆ ನೀರನ್ನ ಸುತ್ತಲಿನ ಸಾಸ್‌ನಿಂದಲೇ ಹೀರಬೇಕು. ನಾನೋ, ಕತ್ತರಿಸಿದಾಗ ಹರಿದುಹೋದೀತು ಅನ್ನೋ ಹೆದರಿಕೆಗೆ ಟೊಮೆಟೊ ಸಾಸ್ ಎಣ್ಣೆ ಬಿಡೋವರೆಗೆ ಬತ್ತಿಸಿದ್ದೆ, ಬಿಳಿ ಸಾಸ್ ಝುಣಕದಷ್ಟು ಗಟ್ಟಿ ಮಾಡಿದ್ದೆ. ಹಾಳೆಗೆ ಕುಡಿಯೋಕೆ ನೀರೇ ಇರಲಿಲ್ಲ. ಇದ್ದ ಚೂರುಪಾರು ಪಸೆಯನ್ನೂ ಮೇಲಿನ ಹಾಳೆ ಎಳಕೊಂಡು, ಓವನ್ ಕಾವಿಗೆ ಚರ್ಮದಂತಾಯಿತು. ಚೀಸ್ ಕೆಂಪಗೆ ಚೆಂದ ಕಾಣುತ್ತಿತ್ತು ನೋಡ್ರಿ, ಅದಕ್ಕೇ ನಾನು ಮೋಸ ಹೋದೆ. ಚಾಕು ಇಳಿಸಿದರೆ ಅರ್ಧಕ್ಕೆ ನಿಂತಿತು. ತುಂಡಿನ ಮಗ್ಗುಲಲ್ಲಿ ಪ್ರತಿ ಪದರದ ನಟ್ಟನಡುವೆ ಒಂದು ಬಿಳಿ ಗೆರೆ, ಹಸಿ ಹಿಟ್ಟಿನದು. ಹುಡುಗ ಮರ್ಯಾದೆಗೆ ಅಗಿದ, ಅಗಿದ, ಅಗಿಯುತ್ತಲೇ ಇದ್ದ. ಅವರಪ್ಪ ನೀರು ಕೇಳಿದರು. ನಮ್ಮನೆಯವರು ಗಾಡಿ ತಗೊಂಡು ಹೋಗಿ ಖಾನಾವಳಿಯಿಂದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಕಟ್ಟಿಸಿಕೊಂಡು ಬಂದರು. ಮದುವೆ ಏನೋ ಆಯಿತು, ಆದರೆ ಆ ಹುಡುಗ ಇವತ್ತಿಗೂ ನನ್ನನ್ನ ಕರೆಯೋದು "ಇಟಲಿ ವೈನಿ" ಅಂತಲೇ.

ಈಗ ನಿಮ್ಮ ವಿಷಯ. ಹನ್ನೆರಡು ಮಂದಿಗೆ 600 ಗ್ರಾಂ ಬನ್ಸಿ ರವಾ, 300 ಮಿಲಿಲೀಟರ್ ಬಿಸಿ ನೀರು. ಹುಬ್ಬಳ್ಳಿಯ ದುರ್ಗದಬೈಲ್ ಪೇಟೆ ಕಡೆ ಯಾವ ಕಿರಾಣಿ ಅಂಗಡಿಯಲ್ಲಾದರೂ ಕೇಳ್ರಿ. ರವಾ ದಪ್ಪ ಇದ್ದರೆ ಗಿರಣಿಗೆ ಕೊಟ್ಟು ಇನ್ನೊಮ್ಮೆ ಬೀಸಿಸ್ರಿ, ಇಟಲಿಯ ದಕ್ಷಿಣದವರೂ ಮನೆಯಲ್ಲಿ ಮಾಡೋ ಪಾಸ್ತಾಕ್ಕೆ ಎರಡು ಸಲ ಬೀಸಿದ ರವೆಯನ್ನೇ ಹೆಚ್ಚಾಗಿ ಬಳಸ್ತಾರೆ. ಗಟ್ಟಿಯಾಗಿ ನಾದಿ ಅರ್ಧ ತಾಸು ಮುಚ್ಚಿಡ್ರಿ. ಹಾಳೆಯ ಕೆಳಗೆ ಬೆರಳಿಟ್ಟರೆ ನೆರಳು ಕಾಣೋವಷ್ಟು ತೆಳ್ಳಗೆ ಲಟ್ಟಿಸ್ರಿ. ಆಮೇಲೆ ಕುದಿಸ್ರಿ! ಲೀಟರಿಗೆ 10 ಗ್ರಾಂ ಉಪ್ಪು ಹಾಕಿದ ನೀರು ಕುದಿಯುವಾಗ ಎರಡೆರಡೇ ಹಾಳೆ ಬಿಡಬೇಕು, ಒಂದೂವರೆ ನಿಮಿಷಕ್ಕೆ ತೆಗೆದು ತಣ್ಣೀರಲ್ಲಿ ಅದ್ದಿ, ಒದ್ದೆ ಧೋತರದ ಮೇಲೆ ಬಿಡಿಬಿಡಿಯಾಗಿ ಹಾಸಬೇಕು. ಒಂದರ ಮೇಲೊಂದು ಇಟ್ಟರೆ ಮತ್ತೆ ಬಿಡಿಸೋಕೆ ಬರೋದಿಲ್ಲ.

ಬಿಳಿ ಸಾಸ್‌ಗೆ 100 ಗ್ರಾಂ ಬೆಣ್ಣೆ, 100 ಗ್ರಾಂ ಮೈದಾ, 1.2 ಲೀಟರ್ ಹಾಲು, ಚೂರು ಜಾಯಿಕಾಯಿ. ಸೌಟಿನಿಂದ ಸುರಿಯೋ ಹಾಗಿರಬೇಕು, ಓವನ್‌ನಲ್ಲಿ ಅದು ಇನ್ನೂ ಗಟ್ಟಿಯಾಗುತ್ತೆ.

ಒಳಗೆ ಸೋಯಾ ಚೂರು ಹಾಕಿ ಖೀಮಾದ ವೇಷ ಹಾಕಿಸಬೇಡ್ರಿ. ಬೊಲೊನ್ಯಾದವರು ಲಸಾನ್ಯಾಕ್ಕೆ ಹಾಕೋ ರಾಗು ಸಾಸ್ ಮಾಂಸದ್ದು. ಅದರ ವಿಧಾನವನ್ನ 1982ರಲ್ಲಿ ಅಲ್ಲಿಯ ವಾಣಿಜ್ಯ ಮಂಡಳಿಯಲ್ಲಿ ದಾಖಲು ಮಾಡಿ ಇಟ್ಟಿದ್ದಾರೆ, ಅದರ ನಕಲು ನಮಗ್ಯಾಕೆ? ಸಿಸಿಲಿಯವರು ಬದನೆಕಾಯಿ ಕರಿದು ಟೊಮೆಟೊ ಜೊತೆ ಪಾಸ್ತಾಕ್ಕೆ ಹಾಕ್ತಾರೆ, ಓವನ್‌ನಲ್ಲಿ ಬೇಯಿಸೋ ಪಾಸ್ತಾಕ್ಕೂ ಹಾಕ್ತಾರೆ. ಬದನೆಕಾಯಿಗೆ ನಮ್ಮ ಕಡೆ ಬರವೇ? ಉಳ್ಳಾಗಡ್ಡಿ, ಗಜ್ಜರಿ, ಬಳ್ಳೊಳ್ಳಿ ಹುರಿದು ಎರಡೂವರೆ ಕಿಲೋ ಟೊಮೆಟೊ ಹಾಕಿ, ಹಿಂದಿನ ದಿನವೇ ಮಾಡಿಡ್ರಿ. ಗರಂ ಮಸಾಲಾ ಮುಟ್ಟಬೇಡ್ರಿ, ಅತ್ತಿ ಎಷ್ಟೇ ಹೇಳಿದರೂ.

ಪಾರ್ಮಸಾನ್ ವಿಷಯ ಮಾತ್ರ ಖಡಕ್ಕಾಗಿ ಹೇಳ್ತೀನಿ. ಅಸಲಿ ಪಾರ್ಮಸಾನ್, ಅಂದರೆ ಪಾರ್ಮಿಜಾನೊ ರೆಜ್ಜಾನೊ ಚೀಸ್‌ನಲ್ಲಿ ಹಾಲು ಒಡೆಸೋಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸ್ತಾರೆ, ಅದು ಅಲ್ಲಿಯ ನಿಯಮ. ತತ್ತಿ ನಡೆಯದ ಮನೆಯಲ್ಲಿ ಬೀಗರಿಗೆ ಅದನ್ನ ಬಡಿಸಿ, ಆಮೇಲೆ ಯಾರೋ ಮೊಬೈಲ್‌ನಲ್ಲಿ ಹುಡುಕಿ ಓದಿದರೆ ಮಾತು ಎಲ್ಲಿಗೆ ಹೋಗುತ್ತೆ ಯೋಚಿಸ್ರಿ. ಹಸಿರು ಚುಕ್ಕಿ ಇರೋ ಚೀಸ್ ತಗೋರಿ, ನಡುವಿನ ಪದರಕ್ಕೆ ಮನೆಯ ಪನೀರು ಹಾಲಲ್ಲಿ ಕಿವುಚಿ ಹಾಕ್ರಿ.

ಓವನ್ 180 ಡಿಗ್ರಿಗೆ ಮೊದಲೇ ಕಾಯಿಸಿಡಿ. ಫಾಯಿಲ್ ಮುಚ್ಚಿ 25 ನಿಮಿಷ, ತೆಗೆದು 15 ನಿಮಿಷ. ಹೊರಗೆ ಬಂದ ಮೇಲೆ ಕಾಲು ತಾಸು ಯಾರೂ ಮುಟ್ಟಬಾರದು, ಪದರ ಕೂಡೋದು ಆಗಲೇ. ಕರೆಂಟಿನ ನಂಬಿಕೆ ಇಲ್ಲದಿದ್ದರೆ ಬೀಗರು ಬರೋಕೆ ಎರಡು ತಾಸು ಮುಂಚೆಯೇ ಬೇಯಿಸಿಬಿಡ್ರಿ, ಮತ್ತೆ ಬಿಸಿ ಮಾಡಿದರೆ ಏನೂ ಕೆಡೋದಿಲ್ಲ.

ಮಷಿನ್‌ಗೆ ಇಟ್ಟ ದುಡ್ಡಲ್ಲಿ ಏಳು ಸೆಂಟಿಮೀಟರ್ ಆಳದ ಎರಡು ಟ್ರೇ ತಗೋರಿ. ಅಂಗಡಿಗೆ ಹೋಗೋ ಮುಂಚೆ ಓವನ್ ಒಳಗಿನ ಅಗಲ ಟೇಪು ಹಿಡಿದು ಅಳತೆ ಮಾಡ್ರಿ, ಟ್ರೇ ಹಿಡಿಕೆ ಸಮೇತ ಒಳಗೆ ಕೂಡಬೇಕು.