ಮೊದಮೊದಲೇ ಬಿಟ್‌ಕಾಯಿನ್ ತೆಗೆದುಕೊಂಡವರು ಅದನ್ನು ಹೇಗೆ ಉಳಿಸಿಕೊಂಡಿದ್ದೀರಿ? ಖರ್ಚು ಮಾಡುತ್ತೀರಾ?

ನೀವು ಕೇಳಿದ್ದು ಇಷ್ಟು: ಶುರುವಿನಲ್ಲೇ ಬಿಟ್‌ಕಾಯಿನ್ ತೆಗೆದುಕೊಂಡವರು ಇಷ್ಟು ವರ್ಷ ಅದನ್ನು ಹೇಗೆ ಉಳಿಸಿಕೊಂಡಿರಿ, ಎಲ್ಲಿಟ್ಟಿದ್ದೀರಿ, ಯಾವತ್ತಾದರೂ ಖರ್ಚು ಮಾಡುತ್ತೀರಾ, ಮತ್ತೆ ನನ್ನದು ಎಕ್ಸ್‌ಚೇಂಜ್‌ನಲ್ಲೇ (ಬಿಟ್‌ಕಾಯಿನ್ ಕೊಂಡು ಮಾರುವ ವೆಬ್‌ಸೈಟ್‌ನಲ್ಲೇ) ಬಿದ್ದಿದೆ, ಪರವಾಗಿಲ್ವಾ. ಕೊನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಈ ವಾರ ಕೊಂಡು ಮುಂದಿನ ವಾರ ಮಾರುವ ದುಡ್ಡಾದರೆ ಅಲ್ಲೇ ಇರಲಿ. ವರ್ಷಗಟ್ಟಲೆ ಇಡುವ ಯೋಚನೆ ಇದ್ದರೆ ತೆಗೆಯಿರಿ.

ಎಕ್ಸ್‌ಚೇಂಜ್‌ನ ಪರದೆ ಮೇಲೆ ಕಾಣುವುದು ಅವರ ಲೆಕ್ಕದ ಪುಸ್ತಕದಲ್ಲಿ ನಿಮ್ಮ ಹೆಸರಿನ ಮುಂದೆ ಬರೆದ ಒಂದು ಸಂಖ್ಯೆ, ಅಷ್ಟೇ. ಆ ಸಂಖ್ಯೆಗೆ ತಕ್ಕ ಕಾಯಿನ್ ಅವರ ಹತ್ತಿರ ಇದೆಯೋ ಇಲ್ಲವೋ ನಿಮಗೆ ಗೊತ್ತಾಗುವುದಿಲ್ಲ. 2014ರ ಫೆಬ್ರವರಿಯಲ್ಲಿ ಟೋಕಿಯೊದ ಮೌಂಟ್ ಗಾಕ್ಸ್ ಅನ್ನುವ ಎಕ್ಸ್‌ಚೇಂಜ್ ಮುಳುಗಿದಾಗ ಸುಮಾರು 8.5 ಲಕ್ಷ ಬಿಟ್‌ಕಾಯಿನ್ ಕಾಣೆಯಾಗಿವೆ ಅಂತ ಹೇಳಿದರು. ಆಮೇಲೆ 2 ಲಕ್ಷ ಒಂದು ಹಳೆ ವಾಲೆಟ್‌ನಲ್ಲಿ (ಕಾಯಿನ್ ಖರ್ಚು ಮಾಡಲು ಬೇಕಾದ ಗುಟ್ಟಿನ ಸಂಖ್ಯೆ, ಅಂದರೆ ಕೀಲಿ, ಇಡುವ ಜಾಗವೇ ವಾಲೆಟ್) ಸಿಕ್ಕವು. ಅದರಲ್ಲಿ ಪಾಲು ಬರಬೇಕಿದ್ದವರ ಕೈಗೆ ಬಿಟ್‌ಕಾಯಿನ್ ಬರಲು ಶುರುವಾಗಿದ್ದು 2024ರಲ್ಲಿ. ಹತ್ತು ವರ್ಷ! 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ಎಕ್ಸ್‌ಚೇಂಜ್ ಬಿದ್ದಾಗ ಇನ್ನೊಂದು ವಿಷಯ ಜನರಿಗೆ ಅರ್ಥವಾಯಿತು. ದಿವಾಳಿ ಕೋರ್ಟಿನಲ್ಲಿ ಲೆಕ್ಕ ಹಿಡಿದದ್ದು ಅರ್ಜಿ ಹಾಕಿದ ದಿನದ ಬೆಲೆಗೆ, ಅಂದರೆ ಬಿಟ್‌ಕಾಯಿನ್ ನೆಲ ಕಚ್ಚಿದ್ದ ದಿನಗಳ ಬೆಲೆಗೆ. ಹಾಗಾಗಿ ಡಾಲರ್ ಲೆಕ್ಕದಲ್ಲಿ ದುಡ್ಡು ಪೂರ್ತಿ ಬಂದರೂ ಕಾಯಿನ್ ಲೆಕ್ಕದಲ್ಲಿ ಬಂದದ್ದು ಸ್ವಲ್ಪ. ಈ ಎಲ್ಲ ಕಡೆಯೂ ಬಾಗಿಲು ಮುಚ್ಚುವ ಹಿಂದಿನ ದಿನದವರೆಗೂ ವೆಬ್‌ಸೈಟ್‌ನಲ್ಲಿ ಬ್ಯಾಲೆನ್ಸ್ ಸರಿಯಾಗೇ ಕಾಣುತ್ತಿತ್ತು.

ಇಷ್ಟು ಹೇಳಿದ ಮೇಲೆ ಎಲ್ಲರೂ 'ಹಾಗಾದರೆ ನೀವೇ ಇಟ್ಟುಕೊಳ್ಳಿ' ಅಂತ ಹೇಳಿ ಮುಗಿಸಿಬಿಡುತ್ತಾರೆ. ನನ್ನ ತಕರಾರು ಇರುವುದು ಇಲ್ಲೇ. ಶುರುವಿನಿಂದ ಇರುವವರನ್ನು ನೋಡುತ್ತಾ ಬಂದ ನನಗೆ ಅನಿಸಿರುವುದು ಏನೆಂದರೆ, ಕಳ್ಳರಿಗೆ ಹೆದರಿ ನಾವು ಮಾಡಿಕೊಳ್ಳುವ ಅತಿ ಬುದ್ಧಿವಂತಿಕೆಯೇ ಕಳ್ಳರಿಗಿಂತ ಜಾಸ್ತಿ ಅಪಾಯ. ವೇಲ್ಸ್‌ನ ನ್ಯೂಪೋರ್ಟ್‌ನಲ್ಲಿ 2013ರಲ್ಲಿ ಸುಮಾರು 8,000 ಬಿಟ್‌ಕಾಯಿನ್ ಇದ್ದ ಹಾರ್ಡ್ ಡಿಸ್ಕ್ ಕಸಕ್ಕೆ ಹೋದ ಕತೆ ನೀವು ಕೇಳಿರಬಹುದು. ಇನ್ನೊಬ್ಬ ಪ್ರೋಗ್ರಾಮರ್ ಹತ್ತಿರ 7,002 ಬಿಟ್‌ಕಾಯಿನ್‌ನ ಕೀಲಿ ಇರುವ ಒಂದು ಪೆನ್ ಡ್ರೈವ್ ಇತ್ತು. 10 ಸಲ ತಪ್ಪು ಪಾಸ್‌ವರ್ಡ್ ಹಾಕಿದರೆ ಅದು ತನ್ನಷ್ಟಕ್ಕೇ ಎಲ್ಲವನ್ನೂ ಬೀಗ ಹಾಕಿಕೊಳ್ಳುತ್ತದೆ. 2021ರಲ್ಲಿ ಸುದ್ದಿಯಾದಾಗ ಅವರು 8 ಸಲ ಪ್ರಯತ್ನಿಸಿ ಆಗಿತ್ತು. ಇವರಿಬ್ಬರನ್ನೂ ಯಾರೂ ಹ್ಯಾಕ್ ಮಾಡಿರಲಿಲ್ಲ ಅಲ್ವಾ?

ಹಳೆ ಕಾಲದ ವಾಲೆಟ್‌ಗಳಲ್ಲಿ ಇನ್ನೊಂದು ಹೊಂಡ ಇತ್ತು, ಈಗಿನವರಿಗೆ ಅದು ಗೊತ್ತಿರುವುದಿಲ್ಲ. ಆಗಿನ ಮೂಲ ಸಾಫ್ಟ್‌ವೇರ್ ಒಂದು ಫೈಲಿನಲ್ಲಿ ಸುಮಾರು 100 ಕೀಲಿಗಳನ್ನು ಮುಂಚಿತವಾಗಿ ಮಾಡಿ ಇಟ್ಟುಕೊಳ್ಳುತ್ತಿತ್ತು. ನೀವು ಒಂದು ಕಾಯಿನ್‌ನಲ್ಲಿ (ಇಲ್ಲಿ ಕಾಯಿನ್ ಅಂದರೆ ಒಂದು ಸಲಕ್ಕೆ ನಿಮಗೆ ಬಂದ ಇಡೀ ಮೊತ್ತ) ಸ್ವಲ್ಪ ಖರ್ಚು ಮಾಡಿದರೆ ಇಡೀ ಕಾಯಿನ್ ಹೊರಗೆ ಹೋಗಿ, ಚಿಲ್ಲರೆ ಒಂದು ಹೊಸ ವಿಳಾಸಕ್ಕೆ, ಅಂದರೆ ಖಾತೆ ಸಂಖ್ಯೆಯಂಥದ್ದಕ್ಕೆ, ವಾಪಸ್ ಬರುತ್ತದೆ. ಹೀಗೆ ಹೊಸ ವಿಳಾಸಗಳು ಖರ್ಚಾಗುತ್ತಾ ಆ 100 ಮುಗಿದ ಮೇಲೆ, ನಿಮ್ಮ ಹಳೆ ಬ್ಯಾಕಪ್‌ನಲ್ಲಿ ಹೊಸ ಕೀಲಿಗಳೇ ಇರುವುದಿಲ್ಲ. ಬ್ಯಾಕಪ್ ಇದೆ ಅಂತ ನೆಮ್ಮದಿಯಾಗಿ ಇದ್ದವರು ಕಂಪ್ಯೂಟರ್ ಕೆಟ್ಟ ದಿನ ದುಡ್ಡು ಕಳೆದುಕೊಂಡರು. ಕಾಗದದ ವಾಲೆಟ್, ಅಂದರೆ ಕಾಗದದ ಮೇಲಿನ ಕೀಲಿ, ಇಟ್ಟುಕೊಂಡವರದೂ ಇದೇ ಪಾಡು: ಅದರಿಂದ ಸ್ವಲ್ಪ ಖರ್ಚು ಮಾಡಿ, ಮಿಕ್ಕಿದ್ದು ಕಾಗದದಲ್ಲೇ ಇದೆ ಅಂದುಕೊಂಡು, ಚಿಲ್ಲರೆ ಹೋಗಿ ಕೂತಿದ್ದ ಸಾಫ್ಟ್‌ವೇರ್ ಅನ್ನೇ ಅಳಿಸಿ ಹಾಕಿದವರಿದ್ದಾರೆ. ನಿಮ್ಮ ಹತ್ತಿರ ಅಷ್ಟು ಹಳೆಯ ಫೈಲ್ ಇದ್ದರೆ ಅದರ ಒಂದೇ ಒಂದು ಪ್ರತಿಯನ್ನೂ ಅಳಿಸಬೇಡಿ, ಖಾಲಿ ಅಂತ ಅನಿಸಿದರೂ.

ಈಗ ಈ ತಲೆನೋವು ಇಲ್ಲ. ವಾಲೆಟ್ ಮೊದಲ ಸಲ ತೆರೆದಾಗ ಅದೇ ಕೊಡುವ 12 ಅಥವಾ 24 ಪದಗಳ ಸಾಲಿನಿಂದಲೇ, ಅಂದರೆ ಸೀಡ್‌ನಿಂದಲೇ, ಎಲ್ಲ ಕೀಲಿಗಳೂ ಹುಟ್ಟುತ್ತವೆ, ಇವತ್ತಿನವೂ, ಇನ್ನು ಹತ್ತು ವರ್ಷದ ನಂತರದವೂ. ಆ ಪದಗಳು 2048 ಪದಗಳ ಒಂದು ಪಟ್ಟಿಯಿಂದ ಬರುತ್ತವೆ. ಇಂಗ್ಲಿಷ್ ಪಟ್ಟಿಯಲ್ಲಿ ಯಾವ ಎರಡು ಪದಗಳಿಗೂ ಮೊದಲ ನಾಲ್ಕು ಅಕ್ಷರ ಒಂದೇ ಇರುವುದಿಲ್ಲ, ಹಾಗಾಗಿ ಕೈಬರಹ ಸ್ವಲ್ಪ ಕೆಟ್ಟದಾಗಿದ್ದರೂ ನಡೆಯುತ್ತದೆ. ಕೊನೆಯ ಪದದೊಳಗೆ ಒಂದು ತಾಳೆ ನೋಡುವ ಲೆಕ್ಕ ಇರುತ್ತದೆ. ಅದನ್ನೇ ಪೂರ್ತಿ ನಂಬಬೇಡಿ, ಯಾಕೆಂದರೆ 12 ಪದದ ಸೀಡ್‌ನಲ್ಲಿ ಒಂದು ಪದ ತಪ್ಪಾಗಿದ್ದರೂ 16ರಲ್ಲಿ 1 ಪಾಲಿನಷ್ಟು ಸಲ ಅದು ಸರಿ ಇದೆ ಅಂತಲೇ ತೋರಿಸಿಬಿಡುತ್ತದೆ.

ನಾನು ಮಾಡಿರುವುದು ಬಹಳ ಸಪ್ಪೆ ವ್ಯವಸ್ಥೆ. ಒಂದು ಹಾರ್ಡ್‌ವೇರ್ ವಾಲೆಟ್, ಅಂದರೆ ಕೀಲಿಗಳನ್ನು ಇಂಟರ್ನೆಟ್‌ನಿಂದ ದೂರ ಇಡುವ ಸಣ್ಣ ಸಾಧನ. ಪದಗಳು ಒಂದು ಕಾಗದದ ಮೇಲೆ, ಇನ್ನೊಂದು ಪ್ರತಿ ಉಕ್ಕಿನ ಪಟ್ಟಿಯ ಮೇಲೆ, ಎರಡೂ ಬೇರೆ ಬೇರೆ ಕಟ್ಟಡದಲ್ಲಿ. ಫೋಟೊ ಇಲ್ಲ, ಪ್ರಿಂಟರ್ ಇಲ್ಲ, ಇಮೇಲ್ ಡ್ರಾಫ್ಟ್ ಇಲ್ಲ, ಕ್ಲೌಡ್‌ನಲ್ಲಿ ಯಾವುದೂ ಇಲ್ಲ. ಅಷ್ಟೇ.

'24 ಪದಗಳನ್ನು ಅರ್ಧರ್ಧ ಮಾಡಿ ಎರಡು ಕಡೆ ಇಡಲಾ' ಅಂತ ತುಂಬಾ ಜನ ಕೇಳುತ್ತಾರೆ. ಬೇಡ. ಎರಡರಲ್ಲಿ ಯಾವ ಒಂದು ಹೋದರೂ ಎಲ್ಲವೂ ಹೋಯಿತು, ಅಂದರೆ ಕಳೆದುಕೊಳ್ಳುವ ಸಾಧ್ಯತೆಯನ್ನು ನೀವೇ ಎರಡು ಪಟ್ಟು ಮಾಡಿಕೊಂಡಿರಿ. ತಲೆಯಲ್ಲೇ ಇಟ್ಟುಕೊಳ್ಳುತ್ತೇನೆ, ನಾನೇ ಒಂದು ವಾಕ್ಯ ಕಟ್ಟಿ ಅದರಿಂದ ಕೀಲಿ ಮಾಡುತ್ತೇನೆ ಅನ್ನುವವರಿಗೆ ಒಂದೇ ಮಾತು: ಮನುಷ್ಯರು ಕಟ್ಟುವ ವಾಕ್ಯಗಳನ್ನು ಊಹಿಸುವ ಪ್ರೋಗ್ರಾಂಗಳು ಹಗಲೂ ರಾತ್ರಿ ಓಡುತ್ತಿವೆ, ಹಾಡಿನ ಸಾಲು, ಪದ್ಯದ ಸಾಲು ಯಾವುದನ್ನೂ ಬಿಟ್ಟಿಲ್ಲ. ಸೀಡ್ ಮೇಲೆ ಇನ್ನೊಂದು ಪಾಸ್‌ಫ್ರೇಸ್, ಅಂದರೆ ನೀವೇ ಆರಿಸಿದ ಹೆಚ್ಚುವರಿ ಗುಟ್ಟಿನ ಮಾತು, ಹಾಕುವುದು ಒಳ್ಳೆಯದೇ, ಆದರೆ ಅದರ ಒಂದು ಗುಣ ತಿಳಿದಿರಲಿ. ತಪ್ಪು ಪಾಸ್‌ಫ್ರೇಸ್ ಕೊಟ್ಟರೆ 'ತಪ್ಪು' ಅಂತ ಬರುವುದಿಲ್ಲ. ಒಂದು ಖಾಲಿ ವಾಲೆಟ್ ತೆರೆಯುತ್ತದೆ. ಟೈಪ್ ಮಾಡುವಾಗ ಒಂದು ಸ್ಪೇಸ್ ಜಾಸ್ತಿ ಬಿದ್ದಿದ್ದರೂ ಅಷ್ಟೇ.

ಮೊತ್ತ ನಿಜವಾಗಿಯೂ ದೊಡ್ಡದಾಗಿದ್ದರೆ ಮಲ್ಟಿಸಿಗ್ ನೋಡಿ. ಮೂರು ಕೀಲಿ, ಅದರಲ್ಲಿ ಯಾವ ಎರಡಿದ್ದರೂ ಸಾಕು. ಒಂದು ಕಳೆದರೂ ದುಡ್ಡು ಉಳಿಯುತ್ತದೆ, ಒಂದು ಕಳವಾದರೂ ಉಳಿಯುತ್ತದೆ. ಆದರೆ ಇಲ್ಲಿ ಜನ ಒಂದನ್ನು ಮರೆಯುತ್ತಾರೆ: ಎರಡು ಸೀಡ್ ಮಾತ್ರ ಕೈಯಲ್ಲಿದ್ದು ಮೂರನೆಯದರ ಪಬ್ಲಿಕ್ ಕೀ (ಗುಟ್ಟಿನ ಕೀಲಿಯ ಜೋಡಿ, ಇದರಿಂದ ಖರ್ಚು ಮಾಡಲು ಆಗುವುದಿಲ್ಲ) ಎಲ್ಲೂ ಬರೆದಿಟ್ಟಿಲ್ಲ ಅಂದರೆ ವಾಲೆಟ್ ಅನ್ನು ಮತ್ತೆ ಕಟ್ಟಲು ಆಗುವುದಿಲ್ಲ. ಮೂರೂ ಪಬ್ಲಿಕ್ ಕೀ ಇರುವ ಆ ಸೆಟಪ್ ಫೈಲನ್ನು ಪ್ರತಿಯೊಂದು ಸೀಡ್‌ನ ಜೊತೆಗೂ ಇಡಬೇಕು. ಇದನ್ನು ಓದಿ ತಲೆ ತಿರುಗಿತು ಅಂದರೆ ನಿಮಗೆ ಮಲ್ಟಿಸಿಗ್ ಬೇಡ, ಬೇಜಾರು ಮಾಡಿಕೊಳ್ಳಬೇಡಿ.

ಇನ್ನು ಖರ್ಚಿನ ಮಾತು. 2010ರ ಮೇ 22ರಂದು ಫ್ಲಾರಿಡಾದಲ್ಲಿ ಲಾಸ್ಲೊ ಹನ್ಯೆಚ್ 10,000 ಬಿಟ್‌ಕಾಯಿನ್ ಕೊಟ್ಟು ಎರಡು ಪಿಜ್ಜಾ ತರಿಸಿಕೊಂಡದ್ದನ್ನು ಪ್ರತಿ ವರ್ಷ ಎಲ್ಲರೂ ಆಡಿಕೊಂಡು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಯಾರೂ ಖರ್ಚೇ ಮಾಡದಿದ್ದರೆ ಅದಕ್ಕೆ ಬೆಲೆ ಅಂತ ಯಾಕೆ ಬರುತ್ತಿತ್ತು? ಅದಕ್ಕಿಂತ ಮುಖ್ಯ, ಖರ್ಚು ಮಾಡುವವನಿಗೆ ಮಾತ್ರ ತನ್ನ ಕೀಲಿ ಕೆಲಸ ಮಾಡುತ್ತದೆ ಅಂತ ಗೊತ್ತಿರುತ್ತದೆ. ಎಂಟು ವರ್ಷ ಮುಟ್ಟದೆ ಇಟ್ಟ ವಾಲೆಟ್ ಸುರಕ್ಷಿತವಾಗಿದೆ ಅಂತ ಹೇಳುವವರಿಗೆ ನಿಜವಾಗಿ ಗೊತ್ತಿರುವುದು ಕಾಯಿನ್ ಅಲ್ಲಿಂದ ಕದಲಿಲ್ಲ ಅನ್ನುವುದು ಮಾತ್ರ. ಅದನ್ನು ಕದಲಿಸಲು ಅವರಿಂದ ಆಗುತ್ತದೋ ಇಲ್ಲವೋ, ಅದು ಬೇರೆ ಪ್ರಶ್ನೆ. ಉಳಿಸುವುದು ಒಂದು, ಕಾಪಾಡುವುದು ಒಂದು, ಬಳಸುವುದು ಒಂದು ಅಂತ ನೀವು ಬೇರೆ ಬೇರೆಯಾಗಿ ಕೇಳಿದ್ದೀರಿ. ನನ್ನ ಪ್ರಕಾರ ಬಳಸುವುದೇ ಕಾಪಾಡುವುದರ ಪರೀಕ್ಷೆ.

ಹಾಗಾಗಿ ದೊಡ್ಡ ಮೊತ್ತ ಹಾಕುವ ಮುಂಚೆ ಇದನ್ನು ಮಾಡಿ. ಹೊಸ ಹಾರ್ಡ್‌ವೇರ್ ವಾಲೆಟ್‌ಗೆ ಸಣ್ಣ ಮೊತ್ತ ಕಳಿಸಿ. ಆಮೇಲೆ ಆ ಸಾಧನವನ್ನು ಪೂರ್ತಿ ಅಳಿಸಿಬಿಡಿ. ಹೌದು, ಅಳಿಸಿ. ಕಾಗದ ನೋಡಿಕೊಂಡು ಪದಗಳನ್ನು ಹಾಕಿ ಮತ್ತೆ ಎಬ್ಬಿಸಿ. ಸಣ್ಣ ಮೊತ್ತ ಕಂಡಿತಾ? ಅದನ್ನು ವಾಪಸ್ ಕಳಿಸಲು ಆಯಿತಾ? ಆದರೆ ಮಾತ್ರ ಉಳಿದದ್ದನ್ನು ತನ್ನಿ. ಮೊದಲ ಸಲ ಕೈ ನಡುಗುತ್ತದೆ, ಎರಡನೇ ಸಲ ಇಲ್ಲ. ನಾನು ವರ್ಷಕ್ಕೊಮ್ಮೆ ಮಾಡುತ್ತೇನೆ.

ದಿನದ ಬಳಕೆಗೆ ಫೋನಿನಲ್ಲಿ ಬೇರೆಯೇ ಸಣ್ಣ ಲೈಟ್ನಿಂಗ್ ವಾಲೆಟ್ (ಸಣ್ಣ ಮೊತ್ತವನ್ನು ಬೇಗ, ಕಡಿಮೆ ಫೀಗೆ ಕಳಿಸುವ ವ್ಯವಸ್ಥೆ) ಇದೆ, ಜೇಬಿನ ಪರ್ಸಿನಂತೆ. ಕಳೆದರೆ ಅಯ್ಯೋ ಅನ್ನುವಷ್ಟು, ಊಟ ಬಿಡುವಷ್ಟಲ್ಲ. ಮುಖ್ಯ ಚೈನ್‌ನಲ್ಲಿ, ಅಂದರೆ ವಹಿವಾಟುಗಳು ಎಲ್ಲರಿಗೂ ಕಾಣುವಂತೆ ದಾಖಲಾಗುವ ಬಿಟ್‌ಕಾಯಿನ್‌ನ ಲೆಕ್ಕದ ಪುಸ್ತಕದಲ್ಲಿ, ಫೀ ಬೀಳುವುದು ನೀವು ಕಳಿಸುವ ಮೊತ್ತದ ಮೇಲಲ್ಲ, ವಹಿವಾಟು ಎಷ್ಟು ಬೈಟ್ ಇದೆ ಅನ್ನುವುದರ ಮೇಲೆ. 2017ರ ಡಿಸೆಂಬರ್‌ನಲ್ಲಿ ಸರಾಸರಿ ಫೀ 50 ಡಾಲರ್ ದಾಟಿತ್ತು. ಸಣ್ಣ ಸಣ್ಣ ತುಣುಕುಗಳಾಗಿ ಕಾಯಿನ್ ಕೂಡಿಸಿದವರಿಗೆ ಆಗ ಆ ತುಣುಕಿಗಿಂತ ಅದನ್ನು ಕಳಿಸುವ ಫೀಯೇ ಜಾಸ್ತಿ. ಫೀ ಕಡಿಮೆ ಇರುವಾಗ ಅವನ್ನೆಲ್ಲ ಒಂದು ಮಾಡಿಕೊಳ್ಳಬಹುದು, ಆದರೆ ಹಾಗೆ ಮಾಡಿದರೆ ಅವೆಲ್ಲ ಒಬ್ಬರದೇ ಅಂತ ಲೋಕಕ್ಕೆ ಗೊತ್ತಾಗುತ್ತದೆ. ಹಳೆ ಕಾಯಿನ್ ಇರುವವರು ಇನ್ನೂ ಒಂದು ಗಮನಿಸಬೇಕು. ಒಂದು ದೊಡ್ಡ ಹಳೆ ಕಾಯಿನ್‌ನಿಂದ ನೇರವಾಗಿ ಸಣ್ಣ ಖರ್ಚು ಮಾಡಿದರೆ, ಎದುರಿನವರು ಚೈನ್ ತೆರೆದು ನೋಡಿ ಚಿಲ್ಲರೆ ಎಷ್ಟು ವಾಪಸ್ ಹೋಯಿತು ಅಂತ ತಿಳಿದುಕೊಳ್ಳಬಹುದು. ನಿಮ್ಮ ಸಂಪತ್ತನ್ನು ಅಪರಿಚಿತರಿಗೆ ಯಾಕೆ ತೋರಿಸಬೇಕು?

ಬಾಯಿ ಮುಚ್ಚಿಕೊಂಡಿರುವುದೂ ಸೆಕ್ಯುರಿಟಿಯೇ. 2020ರಲ್ಲಿ ಹಾರ್ಡ್‌ವೇರ್ ವಾಲೆಟ್ ಮಾಡುವ ಲೆಡ್ಜರ್ ಕಂಪನಿಯ ಗ್ರಾಹಕರ ಪಟ್ಟಿ ಸೋರಿಹೋಯಿತು, ಸುಮಾರು 2.7 ಲಕ್ಷ ಜನರ ಹೆಸರು, ಮನೆ ವಿಳಾಸ, ಫೋನ್ ಸಮೇತ. ಸಾಧನವನ್ನು ಯಾರೂ ಒಡೆದಿರಲಿಲ್ಲ. ಆದರೆ ಸುಳ್ಳು ಮೇಲ್‌ಗಳು ಬಂದವು, ಕೆಲವರಿಗೆ ಅಂಚೆಯಲ್ಲಿ ನಕಲಿ ಸಾಧನವೇ ಬಂತು, 'ಹಳೆಯದು ಸೇಫ್ ಅಲ್ಲ, ಇದಕ್ಕೆ ನಿಮ್ಮ ಪದಗಳನ್ನು ಹಾಕಿ' ಅಂತ. ಪದಗಳನ್ನು ಕೇಳುವವರು ಯಾರೇ ಆಗಲಿ, ಕಳ್ಳರೇ. ಎಕ್ಸ್‌ಚೇಂಜ್ ಮತ್ತು ಇಮೇಲ್ ಖಾತೆಗಳಿಗೆ ಎಸ್‌ಎಂಎಸ್ ಒಟಿಪಿ ಬಿಟ್ಟು ಅಥೆಂಟಿಕೇಟರ್ ಆ್ಯಪ್ ಹಾಕಿಕೊಳ್ಳಿ, ನಿಮ್ಮ ನಂಬರನ್ನು ಇನ್ನೊಂದು ಸಿಮ್‌ಗೆ ಮಾಡಿಸಿಕೊಳ್ಳುವುದು ಕಳ್ಳರಿಗೆ ಅಂಥ ಕಷ್ಟವೇನಲ್ಲ. ವಿಳಾಸ ಕಾಪಿ ಮಾಡಿದ ಮೇಲೆ ಸಾಧನದ ಪರದೆ ಮೇಲೆ ತಾಳೆ ನೋಡಿ, ಮೊದಲ ನಾಲ್ಕು ಕೊನೆಯ ನಾಲ್ಕು ಅಕ್ಷರ ಸಾಲದು, ನಡುವೆಯೂ ನೋಡಿ. ಎರಡು ತುದಿ ಹೊಂದುವ ವಿಳಾಸವನ್ನು ಬೇಕೆಂದೇ ತಯಾರಿಸುತ್ತಾರೆ.

ಎಷ್ಟು ಇಡಬೇಕು, ಯಾವಾಗ ಮಾರಬೇಕು ಅನ್ನುವುದರಲ್ಲಿ ನನ್ನ ಮಾತಿಗೆ ಜಾಸ್ತಿ ತೂಕ ಕೊಡಬೇಡಿ, ಆದರೂ ಹೇಳುತ್ತೇನೆ. 2017ರ ಕೊನೆಗೆ 20,000 ಡಾಲರ್ ಹತ್ತಿರ ಹೋದದ್ದು ಒಂದು ವರ್ಷದಲ್ಲಿ 3,200ರ ಆಸುಪಾಸಿಗೆ ಬಂತು. 2021ರ ನವೆಂಬರ್‌ನಲ್ಲಿ 69,000 ಮುಟ್ಟಿದ್ದು ಮುಂದಿನ ನವೆಂಬರ್‌ಗೆ 16,000. 2.1 ಕೋಟಿಗಿಂತ ಜಾಸ್ತಿ ಬಿಟ್‌ಕಾಯಿನ್ ಹುಟ್ಟುವುದಿಲ್ಲ ಅನ್ನುವುದು ನಿಜ, ಆದರೆ ಆ ಮಿತಿ ಬೆಲೆಯನ್ನು ಕಾಯುವುದಿಲ್ಲ. 'ಸತ್ತರೂ ಮಾರಬೇಡ' ಅನ್ನುವ ಗುಂಪಿನವನಲ್ಲ ನಾನು. ಸಾಲ ತೀರುತ್ತದೆ, ಮನೆ ಆಗುತ್ತದೆ ಅಂದರೆ ಒಂದಿಷ್ಟು ಮಾರಿ, ನಿಮ್ಮ ದೇಶದ ತೆರಿಗೆ ಕಟ್ಟಿ, ಆರಾಮಾಗಿರಿ. ಕೊಂಡ ದಿನಾಂಕ, ಬೆಲೆ ಎಲ್ಲ ಬರೆದಿಡಿ, ಆಮೇಲೆ ಹುಡುಕಲು ಆಗುವುದಿಲ್ಲ. ಬಡ್ಡಿ ಕೊಡುತ್ತೇವೆ ಅಂತ ಕಾಯಿನ್ ಕೇಳುವವರಿಂದ ದೂರ ಇರಿ. ಸೆಲ್ಸಿಯಸ್ ಅನ್ನುವ ಕಂಪನಿ ಹಾಗೆ ಕೇಳಿತ್ತು, 2022ರ ಜೂನ್‌ನಲ್ಲಿ ವಾಪಸ್ ಕೊಡುವುದನ್ನೇ ನಿಲ್ಲಿಸಿತು. ಅದಕ್ಕೆ ಒಂದು ತಿಂಗಳ ಮುಂಚೆ, ಯಾವಾಗಲೂ ಒಂದು ಡಾಲರೇ ಇರುತ್ತದೆ ಅಂತ ಹೇಳಿದ್ದ ಟೆರಾ ಅನ್ನುವ ಬೇರೆ ಕ್ರಿಪ್ಟೊ ಯೋಜನೆಯ ಕಾಯಿನ್ ಕೆಲವೇ ದಿನಗಳಲ್ಲಿ ಪೈಸೆಗೆ ಇಳಿದಿತ್ತು.

ನಿಮಗೆ ಏನಾದರೂ ಆದರೆ ಮನೆಯವರು ತೆಗೆಯಬಲ್ಲರಾ? ಏನಿದೆ, ಯಾವ ಸಾಧನ, ಪದಗಳು ಎಲ್ಲಿವೆ ಅಂತ ಒಂದು ಪತ್ರ ಬರೆದಿಡಿ, ಪದಗಳನ್ನು ಮಾತ್ರ ಆ ಪತ್ರದಲ್ಲಿ ಬರೆಯಬೇಡಿ. ಮೇಲೆ ಹೇಳಿದ ಅಳಿಸಿ ಎಬ್ಬಿಸುವ ಅಭ್ಯಾಸವನ್ನು ಒಮ್ಮೆ ಅವರ ಕೈಯಲ್ಲೂ ಮಾಡಿಸಿ, ನೀವು ಸುಮ್ನೆ ಪಕ್ಕದಲ್ಲಿ ಕೂತಿರಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಪತ್ರ ತಿದ್ದಬೇಕು.

ಎಕ್ಸ್‌ಚೇಂಜ್‌ನಿಂದ ತೆಗೆಯುವಾಗ ನೆಟ್‌ವರ್ಕ್ ಯಾವುದು ಅಂತ ಕೇಳುತ್ತದೆ, ಫೀ ಕಡಿಮೆ ಅಂತ ಬೇರೆ ಚೈನ್ ಒತ್ತಬೇಡಿ, ಬಿಟ್‌ಕಾಯಿನ್ ನೆಟ್‌ವರ್ಕನ್ನೇ ಒತ್ತಿ. ಎಲ್ಲಾದರೂ ಸಿಕ್ಕಿಕೊಂಡರೆ ಈ ಉತ್ತರದ ಕೆಳಗೇ ಎಲ್ಲರಿಗೂ ಕಾಣುವಂತೆ ಕೇಳಿ. ಸಹಾಯ ಮಾಡುತ್ತೇನೆ ಅಂತ ಖಾಸಗಿ ಮೆಸೇಜ್ ಬಂದರೆ ಉತ್ತರ ಕೊಡಬೇಡಿ, ನನ್ನದೇ ಹೆಸರು, ನನ್ನದೇ ಫೋಟೊ ಇದ್ದರೂ. ನಾನು ಮೆಸೇಜ್ ಮಾಡುವುದಿಲ್ಲ.