‘ನಮ್ಮಲ್ಲಿ ಮತಾಂತರವೇ ಇಲ್ಲ’ ಎಂದವರಿಗೆ

ಪ್ರಿಯರೇ,

ತೀರ್ಥಹಳ್ಳಿಯಿಂದ ನೀವು ಕಳಿಸಿದ ‘ಹಿಂದೂ ಶಾಸ್ತ್ರ ಮತ್ತು ಮತಪ್ರಚಾರ’ ಲೇಖನ ಓದಿದೆ. ಈಗಿರುವ ಹಾಗೆ ಹಾಕಲಿಕ್ಕಾಗುವುದಿಲ್ಲ. ಹಾಗಂತ ಬದಿಗಿಡುವ ಬರಹವೂ ಅಲ್ಲ, ಆದ್ದರಿಂದ ‘ಸ್ಥಳಾಭಾವ’ದ ಮಾಮೂಲಿ ಚೀಟಿಯ ಬದಲು ಇಷ್ಟುದ್ದದ ಕಾಗದ. ನಿಮ್ಮ ಹೆಸರು ಬಿಟ್ಟು ಇದನ್ನು ಈ ಅಂಕಣದಲ್ಲೇ ಹಾಕುತ್ತಿದ್ದೇನೆ. ಇದೇ ವಿಷಯ ಹಿಡಿದು ಬರೆಯುವವರು ಇನ್ನೂ ಇದ್ದಾರೆ, ಎಡವುವುದೂ ಹೆಚ್ಚುಕಡಿಮೆ ಇದೇ ಜಾಗದಲ್ಲಿ.

ನಿಮ್ಮ ವಾದ ಎರಡು ಮಾತಿನದು. ಹಿಂದೂ ಶಾಸ್ತ್ರದಲ್ಲಿ ಪ್ರಚಾರಕ್ಕೂ ಮತಾಂತರಕ್ಕೂ ಜಾಗವಿಲ್ಲ. ಅದಕ್ಕೆ ಕಾರಣ ನಮ್ಮವರ ವಿಶಾಲ ಮನಸ್ಸು. ಮೊದಲನೆಯದು ಅರ್ಧ ನಿಜ. ಎರಡನೆಯದನ್ನು ನೀವು ತಂದಿರುವ ಶ್ಲೋಕವೇ ಒಪ್ಪುವುದಿಲ್ಲ.

ಗೀತೆಯ 18ನೇ ಅಧ್ಯಾಯದ 67ನೇ ಶ್ಲೋಕ ನೋಡಿ. ತಪಸ್ಸಿಲ್ಲದವನಿಗೆ, ಭಕ್ತಿಯಿಲ್ಲದವನಿಗೆ, ಕೇಳುವ ಮನಸ್ಸಿಲ್ಲದವನಿಗೆ, ನನ್ನ ಮೇಲೆ ಅಸೂಯೆ ಇರುವವನಿಗೆ ಇದನ್ನು ಹೇಳಬೇಡ ಅನ್ನುತ್ತಾನೆ ಕೃಷ್ಣ. ನೀವು ಅಲ್ಲಿಗೆ ನಿಲ್ಲಿಸಿ ‘ಪ್ರಚಾರ ನಿಷಿದ್ಧ’ ಎಂದು ಷರಾ ಬರೆದುಬಿಟ್ಟಿರಿ. ಮುಂದಿನ ಶ್ಲೋಕದಲ್ಲೇ, ಈ ಪರಮ ಗುಹ್ಯವನ್ನು ನನ್ನ ಭಕ್ತರಿಗೆ ಹೇಳುವವನು ನನ್ನನ್ನೇ ಸೇರುತ್ತಾನೆ ಎಂದಿದೆ. 69ರಲ್ಲಿ ಅವನಿಗಿಂತ ನನಗೆ ಪ್ರಿಯನಾದವನು ಮನುಷ್ಯರಲ್ಲಿ ಇನ್ನೊಬ್ಬನಿಲ್ಲ ಎಂದೂ ಇದೆ. ಹೇಳಬೇಕು, ಆದರೆ ಆಳು ನೋಡಿ ಹೇಳಬೇಕು. ಕೇಳದವನಿಗೆ ಹೇಳಬೇಡ ಅನ್ನುತ್ತದೆ ಮನುಸ್ಮೃತಿ (2.110). ಸಮಿತ್ತು (ಯಜ್ಞದ ಕಟ್ಟಿಗೆ) ಹಿಡಿದು ಗುರುವಿದ್ದಲ್ಲಿಗೆ ಹೋಗು ಅನ್ನುತ್ತದೆ ಮುಂಡಕ ಉಪನಿಷತ್ತು. ಮಗನೂ ಅಲ್ಲದ, ಶಿಷ್ಯನೂ ಅಲ್ಲದವನಿಗೆ ಕೊಡಬೇಡ ಎಂದು ಶ್ವೇತಾಶ್ವತರ ಉಪನಿಷತ್ತು ಮುಗಿಯುವ ಹೊತ್ತಿಗೆ ಬರುತ್ತದೆ. ಇವನ್ನೆಲ್ಲ ಒಟ್ಟಿಗಿಟ್ಟು ಓದಿದರೆ ಕಾಣುವುದು ಔದಾರ್ಯಕ್ಕಿಂತ ಹೆಚ್ಚಾಗಿ ಕಾವಲು. ಬಂದವನ ಯೋಗ್ಯತೆ ನೋಡಿ ಚಿಲಕ ತೆಗೆಯುವ ಏರ್ಪಾಡು ಇದು. ಹೊರಗಿನವರ ಮನೆಗೆ ಹೋಗಿ ಬೋಧಿಸಬೇಡ ಎಂದ ಅದೇ ನಿಯಮ, ಒಳಗಿನ ಶೂದ್ರನಿಗೂ ವೇದ ಕೇಳಿಸಬೇಡ ಎಂದಿತು. ಬ್ರಹ್ಮಸೂತ್ರದಲ್ಲಿ ಶೂದ್ರನಿಗೆ ವೇದದ ಹಕ್ಕಿದೆಯೇ ಎಂದು ಚರ್ಚಿಸುವ ಅಪಶೂದ್ರಾಧಿಕರಣಕ್ಕೆ ಶಂಕರರು ಬರೆದ ಭಾಷ್ಯ ಓದಿ. ಇತಿಹಾಸ ಪುರಾಣಗಳ ದಾರಿ ಅವನಿಗೆ ತೆರೆದಿದೆ, ವೇದದ ದಾರಿ ಇಲ್ಲ ಎಂಬುದು ಅಲ್ಲಿನ ತೀರ್ಮಾನ. ಶೃಂಗೇರಿಯ ಮಗ್ಗುಲಲ್ಲೇ ಇದ್ದುಕೊಂಡು ಈ ವಿಷಯ ಬರೆಯುವವರು ಅದನ್ನು ದಾಟಿ ಹೋಗುವ ಹಾಗಿಲ್ಲ.

ನಿಮ್ಮ ವಾದಕ್ಕೆ ಎದುರು ನಿಲ್ಲುವ ಮಂತ್ರವನ್ನೂ ನೀವೇ ತರಬೇಕಿತ್ತು. ಶುಕ್ಲ ಯಜುರ್ವೇದದ 26ನೇ ಅಧ್ಯಾಯದಲ್ಲಿ ಈ ಮಂಗಳಕರ ಮಾತನ್ನು ಬ್ರಾಹ್ಮಣನಿಗೆ, ಕ್ಷತ್ರಿಯನಿಗೆ, ಶೂದ್ರನಿಗೆ, ನಮ್ಮವನಿಗೆ, ಹೊರಗಿನವನಿಗೆ, ಎಲ್ಲರಿಗೂ ಹೇಳುವಂತಾಗಲಿ ಎಂಬ ಮಂತ್ರ ಇದೆ. ಆರ್ಯಸಮಾಜ ಕಟ್ಟಿದ ದಯಾನಂದ ಸರಸ್ವತಿಯವರು ವೇದ ಎಲ್ಲರದು ಎಂದು ವಾದಿಸಿದ್ದು ಇದನ್ನೇ ಹಿಡಿದು. ನೀವು ಬಿಟ್ಟರೆ ಓದುಗ ತರುತ್ತಾನೆ, ಮುಂದಿನ ತಿಂಗಳು ಪತ್ರ ನನ್ನ ಮೇಜಿಗೆ ಬರುತ್ತದೆ.

ನೀವು ‘ಏಕೈಕ ಅಪವಾದ’ ಎಂದು ಒಪ್ಪಿಕೊಂಡ ‘ಕೃಣ್ವಂತೋ ವಿಶ್ವಮಾರ್ಯಮ್’ (ಜಗತ್ತನ್ನೆಲ್ಲ ಆರ್ಯವಾಗಿಸುತ್ತ) ಅಷ್ಟು ಸಲೀಸಾಗಿ ಅಪವಾದವಾಗುವುದಿಲ್ಲ. ಅದು ಋಗ್ವೇದದ 9ನೇ ಮಂಡಲದ್ದು. ಸೋಮರಸ ಹಿಂಡುವಾಗಿನ ಸೂಕ್ತ, ಅಲ್ಲಿ ಹರಿದು ಬರುತ್ತಿರುವುದು ಸೋಮದ ಹನಿಗಳೇ ಹೊರತು ಪ್ರಚಾರಕರ ದಂಡಲ್ಲ. ಧ್ಯೇಯವಾಕ್ಯವಾಗಿದ್ದು 1875ರಲ್ಲಿ ಹುಟ್ಟಿದ ಆರ್ಯಸಮಾಜದ ಕೈಯಲ್ಲಿ. ಹಾಗೆಯೇ ಬೇರೆ ಮತಕ್ಕೆ ಹೋದವರನ್ನು ಮರಳಿ ಸೇರಿಸಿಕೊಳ್ಳುವ ‘ಶುದ್ಧಿ’ ಪೂರ್ತಿಯಾಗಿ ಆರ್ಯಸಮಾಜದ ಹೊಸ ಸೃಷ್ಟಿ ಎಂಬ ಮಾತನ್ನೂ ತೆಗೆಯಿರಿ. ಮ್ಲೇಚ್ಛರ ಕೈಗೆ ಸಿಕ್ಕವರನ್ನು ಪ್ರಾಯಶ್ಚಿತ್ತ ಮಾಡಿಸಿ ಮರಳಿ ಸೇರಿಸಿಕೊಳ್ಳುವ ಬಗೆಯನ್ನು ದೇವಲಸ್ಮೃತಿ ಹೇಳುತ್ತದೆ. ವೈದಿಕ ಆಚಾರದ ಹೊರಗಿದ್ದ ವ್ರಾತ್ಯರನ್ನು ಒಳಗೆ ತರುವ ವ್ರಾತ್ಯಸ್ತೋಮ ಯಾಗ ಅದಕ್ಕಿಂತ ಬಹಳ ಹಳೆಯದು, ಸಾಮವೇದದ ತಾಂಡ್ಯ ಬ್ರಾಹ್ಮಣದಲ್ಲೇ ಇದೆ.

ಇನ್ನು ಮೂರನೇ ಪುಟ. ‘ನಮ್ಮ ನಾಡಿನಲ್ಲಿ ಯಾರೂ ಯಾರ ಮತವನ್ನೂ ಬದಲಿಸಲು ಹೋಗಲಿಲ್ಲ.’ ಶಿವಮೊಗ್ಗ ಜಿಲ್ಲೆಯಲ್ಲಿ ಕೂತು ಈ ವಾಕ್ಯ ಬರೆಯುವುದಕ್ಕೆ ಧೈರ್ಯ ಬೇಕು ಮಾರಾಯರೇ! ಅಲ್ಲಮ ಬಳ್ಳಿಗಾವಿಯವರು, ಅಕ್ಕ ಉಡುತಡಿಯವರು, ಎರಡೂ ಶಿಕಾರಿಪುರ ತಾಲ್ಲೂಕು. ಶರಣರು ಶಿಷ್ಯ ಬರಲಿ ಎಂದು ಕಾಯಲಿಲ್ಲ, ಬೀದಿಗೆ ಇಳಿದರು. ಲಿಂಗದೀಕ್ಷೆ ಕೊಟ್ಟು ಭವಿಯನ್ನು, ಅಂದರೆ ಲಿಂಗವಿಲ್ಲದವನನ್ನು, ಭಕ್ತನನ್ನಾಗಿ ಮಾಡಿದರು, ಜಾತಿ ಕೇಳಲಿಲ್ಲ. ಇದನ್ನು ಯಾವ ಹೆಸರಿನಿಂದ ಕರೆಯುತ್ತೀರಿ?

ಶಿಕಾರಿಪುರದ ಗಡಿ ದಾಟಿ ಹಿರೇಕೆರೂರು ತಾಲ್ಲೂಕಿನ ಅಬ್ಬಲೂರಿಗೆ ಹೋಗಿ. ಅಲ್ಲಿಯ ಸೋಮೇಶ್ವರ ಗುಡಿಯಲ್ಲಿ ಶಿವಭಕ್ತ ಏಕಾಂತದ ರಾಮಯ್ಯನ ಕತೆ ಹೇಳುವ ಶಾಸನವಿದೆ, 1200ರ ಆಸುಪಾಸಿನದು. ತಲೆ ಕಡಿದುಕೊಂಡು ಶಿವನಿಂದ ಮರಳಿ ಪಡೆಯುತ್ತೇನೆ, ಪಡೆದರೆ ನಿಮ್ಮ ಜಿನಬಿಂಬ ಕಿತ್ತು ಶಿವನನ್ನು ನಿಲ್ಲಿಸಬೇಕು ಎಂದು ಜೈನರಿಂದ ಓಲೆ ಬರೆಸಿಕೊಂಡವನು ಆತ. ಪವಾಡ ನಡೆದರೂ ಜೈನರು ಮಾತಿಗೆ ನಿಲ್ಲಲಿಲ್ಲ, ರಾಮಯ್ಯ ಬಿಂಬ ಒಡೆದ, ದೂರು ಕಲಚುರಿ ದೊರೆ ಬಿಜ್ಜಳನವರೆಗೆ ಹೋಯಿತು, ಬಿಜ್ಜಳ ರಾಮಯ್ಯನಿಗೇ ಜಯಪತ್ರ ಕೊಟ್ಟ ಎನ್ನುತ್ತದೆ ಶಾಸನ. ಪವಾಡ ನಂಬುವುದು ಬಿಡುವುದು ನಿಮಗೆ ಬಿಟ್ಟಿದ್ದು. ಬರೆಸಿದವರಿಗೆ ಇದು ಹೆಮ್ಮೆಯ ವಿಷಯವಾಗಿತ್ತು, ಅಷ್ಟನ್ನು ಮಾತ್ರ ಮರೆಯಬೇಡಿ.

ಬಳ್ಳಿಗಾವಿ ಇನ್ನೂ ಸ್ವಾರಸ್ಯ. 1036ರ ಒಂದು ಶಾಸನ ಅಲ್ಲಿಯ ಕಾಳಾಮುಖ (ಒಂದು ಶೈವ ಪಂಥ) ಗುರುವನ್ನು ಬೌದ್ಧ ಸಮುದ್ರಕ್ಕೆ ಬಡಬಾಗ್ನಿ, ಅಂದರೆ ಕಡಲನ್ನೇ ಸುಡುವ ಬೆಂಕಿ, ಎಂದು ಹೊಗಳುತ್ತದೆ. ಅದೇ ಊರಿನ, ಅದೇ ಕಾಳಾಮುಖರ ಕೋಡಿಯಮಠದ 1162ರ ಶಾಸನ ಮಠದಲ್ಲಿ ಊಟ ಹಾಕುವವರ ಪಟ್ಟಿ ಕೊಡುತ್ತದೆ. ದೀನರು, ಕುರುಡರು, ಕಿವುಡರ ಜೊತೆ ಕ್ಷಪಣಕರು (ದಿಗಂಬರ ಸನ್ಯಾಸಿಗಳು), ಏಕದಂಡಿ, ತ್ರಿದಂಡಿ, ಹಂಸ, ಪರಮಹಂಸ ಎಂಬ ಬೇರೆ ಬೇರೆ ಬಗೆಯ ಸನ್ಯಾಸಿಗಳೂ ಅದರಲ್ಲಿದ್ದಾರೆ. ವಾದದಲ್ಲಿ ಎದುರಾಳಿಯನ್ನು ಸುಡುವವರು ಪಂಕ್ತಿಯಲ್ಲಿ ಎಲೆ ಹಾಕಿ ಬಡಿಸುತ್ತಿದ್ದರು. ನಿಮ್ಮ ಲೇಖನ ಶುರುವಾಗಬೇಕಾದ್ದು ಇಲ್ಲಿಂದ. ಮಿಷನರಿಗಳನ್ನು ಬೈದ ಮೊದಲ ಎರಡು ಪುಟ ಹರಿದು ಹಾಕಿ, ಅದನ್ನು ಬರೆಯಲು ನೀವೇ ಬೇಕಿಲ್ಲ.

ಇಡೀ ಲೇಖನದಲ್ಲಿ ನನಗೆ ಹಿಡಿಸಿದ್ದು ಒಂದೇ ಪ್ಯಾರಾ. ಅಡಿಕೆ ಸುಲಿಯುವ ಹೊತ್ತಿಗೆ ಮನೆಗೆ ಬಂದ ಪ್ರಚಾರಕನಿಂದ ನಿಮ್ಮಜ್ಜ ಪುಸ್ತಿಕೆ ತಗೊಂಡು, ಕಾಫಿ ಕೊಡಿಸಿ, ‘ನಮ್ಮನೇಲಿ ಈಗಾಗ್ಲೇ ಬೇಕಾದಷ್ಟು ದೇವರಿದಾವಲ್ಲ ಮಾರಾಯ’ ಅಂದು, ಅದನ್ನು ಗೋಡೆಯ ಗೂಡಿನಲ್ಲಿ ರಾಮಾಯಣದ ಪಕ್ಕ ಇಟ್ಟಿದ್ದು. ನಿಮ್ಮ ವಿಶಾಲ ಮನಸ್ಸಿನ ವಾದಕ್ಕೆ ಇರುವ ಒಳ್ಳೆಯ ಸಾಕ್ಷಿ ಅದೊಂದೇ. ಅದೇ ಪ್ಯಾರಾದ ಕೊನೆಯಲ್ಲಿ, ಅಲ್ಲೇ ಅಡಿಕೆ ಸುಲಿಯುತ್ತಿದ್ದ ಕೆಲಸದ ಹೆಂಗಸೊಬ್ಬಳು ಆ ಪ್ರಚಾರಕನನ್ನು ‘ನಿಮ್ಮ ದೇವಸ್ಥಾನದಲ್ಲಿ ನಮ್ಮನ್ನ ಒಳಗೆ ಬಿಡ್ತೀರಾ?’ ಎಂದು ಕೇಳಿದಳು ಅಂತ ಅರ್ಧ ಸಾಲಿನಲ್ಲಿ ಬರೆದು, ತಕ್ಷಣ ‘ಏಕಂ ಸತ್’ಗೆ (ಸತ್ಯ ಒಂದೇ) ಹಾರಿದ್ದೀರಿ. ಅಜ್ಜನಿಗೆ ಆ ಪ್ರಶ್ನೆ ಕೇಳುವ ಅಗತ್ಯ ಬೀಳಲಿಲ್ಲ, ಅವಳಿಗೆ ಬಿತ್ತು. ಯಾರಿಗೆ ಬಾಗಿಲು ತೆರೆಯಬೇಕು, ಯಾರಿಗೆ ಬೇಡ ಎಂಬ ‘ಅಧಿಕಾರ’ದ ಬಗ್ಗೆ ಮೇಲೆ ನಾನು ಹೇಳಿದ್ದೆಲ್ಲ ಅವಳ ಅರ್ಧ ಸಾಲಿನಲ್ಲಿದೆ. ಆ ಪ್ರಚಾರಕ ಅವಳಿಗೆ ಏನಂದ? ಅಜ್ಜ ಏನಂದರು? ನೀವು ಅಲ್ಲೇ ಇದ್ದಿರಿ, ಬರೆಯಿರಿ.

1,500 ಪದ ಮೀರದಿರಲಿ. ಆಶ್ಚರ್ಯಸೂಚಕ ಚಿಹ್ನೆಗಳನ್ನು ಅರ್ಧಕ್ಕಿಳಿಸಿ. ಉದ್ಧರಿಸಿದ ಪ್ರತಿ ಶ್ಲೋಕದ ಹಿಂದಿನದು, ಮುಂದಿನದು ಎರಡನ್ನೂ ಓದಿದ ಮೇಲೆ ಕಳಿಸಿ. ಯುಗಾದಿ ಸಂಚಿಕೆಗೆ ಎರಡು ಪುಟ ಕಾದಿರಿಸುತ್ತೇನೆ.

ಇತಿ,
ಸಂಪಾದಕ